ಸೇರಿನಲ್ಲಿ ಉಳಿದ ಒಂದು ಹಿಡಿ

ಓರಗಿತ್ತಿ ಚೆಲುವೆಯಾಗಿದ್ದರೆ ಸಹಿಸಿಕೊಳ್ಳಬಹುದು. ಅವಳ ತವರಿನವರು ಸಿರಿವಂತರಾಗಿದ್ದರೂ ಹೋಗಲಿ ಬಿಡು ಅನ್ನಬಹುದು. ಆದರೆ ಅವಳು ನಾನಿರುವ ಶಾಲೆಗೇ ಬಂದು, ನನ್ನ ಪಕ್ಕದ ತರಗತಿಯಲ್ಲೇ ನಿಂತು, ನನಗಿಂತ ಚೆನ್ನಾಗಿ ಪಾಠ ಮಾಡಿದರೆ? ಅದನ್ನು ಸಹಿಸಿಕೊಂಡ ಮಹಾತಾಯಿ ಯಾರಾದರೂ ಇದ್ದರೆ ತೋರಿಸಿ, ಅಡ್ಡಬೀಳುತ್ತೇನೆ.

ನಾನು ಆ ಮನೆಯ ಹಿರಿಸೊಸೆ, ಅವಳು ನನ್ನ ಮೈದುನನ ಹೆಂಡತಿ. ಮನೆ ಇದ್ದದ್ದು ಕಾಟ್ಟಿಕುಳಂ ದಾಟಿ ಬಾವಲಿ ಕಡೆ ಹೋಗುವ ರಸ್ತೆಯಲ್ಲಿ, ಗದ್ದೆ ಮುಗಿದು ಕಾಡು ಶುರುವಾಗುವ ಜಾಗದಲ್ಲಿ. ಮಾವನ ತಂದೆ ಹೆಗ್ಗಡದೇವನಕೋಟೆ ಕಡೆಯಿಂದ ಗಾಡಿಯಲ್ಲಿ ಉಪ್ಪು, ಹೊಗೆಸೊಪ್ಪು ಹೇರಿಕೊಂಡು ಬಂದು ಇಲ್ಲೇ ನೆಲೆನಿಂತವರು. ಹಾಗಾಗಿ ಮನೆಯೊಳಗೆ ಕನ್ನಡ, ಜಗಲಿ ಇಳಿದರೆ ಮಲಯಾಳ. ಮಾವ ತೀರಿಕೊಂಡ ಮೇಲೆ ಗದ್ದೆ, ಆಳುಕಾಳು, ಕಣಜ ಎಲ್ಲ ಅತ್ತೆಯ ಕೈಯಲ್ಲಿ. ನನ್ನ ಗಂಡನಿಗೆ ಕಾಟ್ಟಿಕುಳಂನಲ್ಲಿ ದಿನಸಿ ಅಂಗಡಿ, ಮೈದುನನಿಗೆ ಮೆಣಸು, ಕಾಫಿಯ ವ್ಯಾಪಾರ. ಸೊಸೆಯರಿಬ್ಬರೂ ಟೀಚರುಗಳು. ಅತ್ತೆಗೆ ಅದೊಂದು ಹೆಮ್ಮೆ. "ನಮ್ಮನೇಲಿ ಒಬ್ಳು ಲೆಕ್ಕ, ಒಬ್ಳು ಸೈನ್ಸು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಕಟ್ಟಿದವರು ಹೇಳುವ ಹಾಗೆ.

ಲೆಕ್ಕದವಳು ನಾನು. ಅವಳು ಬರುವ ತನಕ ಆ ಶಾಲೆಯಲ್ಲಿ ನನ್ನದೇ ದರಬಾರು. ಮಗ್ಗಿ ಹೇಳಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ, ತಪ್ಪಿದವರ ಕಿವಿ ಹಿಂಡುವುದರಲ್ಲೂ ಇರಲಿಲ್ಲ. ಆಮೇಲೆ ಇವಳು ಬಂದಳು. ಕಲ್ಪೆಟ್ಟದ ಹುಡುಗಿ, ಪೇಟೆಯಲ್ಲಿ ಬೆಳೆದವಳು, ಮಲಯಾಳವೆಂದರೆ ನೀರು ಕುಡಿದಷ್ಟು ಸಲೀಸು. ನಾನು ಮಲಯಾಳ ಮಾತಾಡಿದರೆ ಎಲ್ಲಿಂದಲೋ ಕನ್ನಡ ಇಣುಕಿ ಮಕ್ಕಳು ಕಿಸಕ್ಕೆನ್ನುತ್ತಿದ್ದರು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಈಚೆ ನಾನು ಹದಿಮೂರರ ಮಗ್ಗಿ ಹೇಳಿಸುತ್ತಿದ್ದರೆ ಆಚೆ ಅವಳು ಲೋಟದ ತುಂಬ ನೀರು ಹಾಕಿ, ಕಾಗದ ಮುಚ್ಚಿ, ತಲೆಕೆಳಗು ಹಿಡಿಯುತ್ತಿದ್ದಳು. ನೀರು ಬೀಳಲಿಲ್ಲ ಎಂದು ಆಚೆಯ ಮಕ್ಕಳು ಕೇಕೆ ಹಾಕಿದರೆ ಈಚೆಯವರು ಮಗ್ಗಿ ಬಿಟ್ಟು ತಟ್ಟಿಯ ಸಂದಿಗೆ ಕಣ್ಣಿಡುತ್ತಿದ್ದರು. ಅಯ್ಯೋ, ಆ ಉರಿಯನ್ನು ಏನೆಂದು ಹೇಳಲಿ. ಮನೆಯಲ್ಲಿ ನನ್ನನ್ನು "ಅಕ್ಕಾ" ಎನ್ನುತ್ತಿದ್ದವಳು ಶಾಲೆಯ ಗೇಟು ದಾಟಿದ ಕೂಡಲೇ "ಟೀಚರ್" ಎನ್ನುತ್ತಿದ್ದಳು. ಅದರಲ್ಲೂ ಅಚ್ಚುಕಟ್ಟು. ಹುಡುಕಿದರೂ ತಪ್ಪು ಸಿಗದ ಹೆಂಗಸರನ್ನು ಕಂಡರೆ ನನಗೆ ಆಗಿಬರುವುದಿಲ್ಲ.

ನನ್ನ ಹತ್ತಿರ ಇದ್ದು ಅವಳ ಹತ್ತಿರ ಇಲ್ಲದ್ದು ಒಂದೇ ಒಂದು. ಅದು ಸೇರು. ಹಿತ್ತಾಳೆ ಕಟ್ಟು ಹಾಕಿದ ಮರದ ಸೇರು, ಕೈ ತಾಗಿ ತಾಗಿ ಕಪ್ಪಾಗಿತ್ತು. ನಮ್ಮ ಗದ್ದೆಯಲ್ಲಿ ದುಡಿಯುವವರಿಗೆ ಆಗ ಕೂಲಿ ಭತ್ತದಲ್ಲಿ. ಅದಕ್ಕೆ ಇಲ್ಲಿ ವಲ್ಲಿ ಎನ್ನುತ್ತಾರೆ. ಶನಿವಾರ ಸಂಜೆ ಕಣದಲ್ಲಿ ವಾರದ ವಲ್ಲಿ ಅಳೆಯುವ ಕೈ ಹಿರಿಸೊಸೆಯದು. ಮದುವೆಯಾದ ವರ್ಷದ ಸುಗ್ಗಿಯಲ್ಲಿ ಅತ್ತೆ ಸೇರನ್ನು ನನ್ನ ಕೈಗಿಟ್ಟು ಹೇಳಿದ್ದು ಎರಡೇ ಮಾತು. ಒಂದು, ಮೊದಲ ಸೇರಿಗೆ 'ಒಂದು' ಅನ್ನಬಾರದು, 'ಲಾಭ' ಅನ್ನಬೇಕು. ಇನ್ನೊಂದು, "ಸೇರು ಬರಿದು ಮಾಡಬ್ಯಾಡ ಕಣಮ್ಮಿ. ಬರೀ ಸೇರು ಮನೇನೂ ಬರಿದು ಮಾಡ್ತದೆ." ಅಂದರೆ, ಸುರಿಯುವಾಗ ಸೇರನ್ನು ಪೂರ್ತಿ ಬೋರಲು ಹಾಕಬಾರದು. ತಳದಲ್ಲಿ ಒಂದು ಹಿಡಿ ಕಾಳು ಉಳಿಯಬೇಕು. ಆ ಹಿಡಿಯ ಮೇಲೆಯೇ ಮತ್ತೆ ತುಂಬಿ, ಅಂಗೈಯಿಂದ ಸವರಿ, ಮತ್ತೆ ಸುರಿಯಬೇಕು. ಹಾಗೆ ಸುರಿಯುವುದು ನನ್ನ ಮಣಿಕಟ್ಟಿಗೆ ಎಷ್ಟು ರೂಢಿಯಾಗಿತ್ತೆಂದರೆ ಅದೊಂದು ಪದ್ಧತಿ ಅನ್ನುವುದೇ ಮರೆತುಹೋಗಿತ್ತು. ವಲ್ಲಿ ಅಳೆಯುವಾಗ ಅವಳು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದಳು. ವಾರದಲ್ಲಿ ಅದೊಂದು ಗಳಿಗೆ ನನಗೆ ಅನ್ನ ಉಂಡಷ್ಟು ತೃಪ್ತಿ.

ಕಾಲ ಮಾತ್ರ ಚೆನ್ನಾಗಿರಲಿಲ್ಲ. ಕಾಡಿನಾಚೆ ನಕ್ಸಲರು ಓಡಾಡುತ್ತಿದ್ದಾರೆ ಎಂಬ ಮಾತು. ದೊಡ್ಡ ಜಮೀನಿನವರ ಮನೆಗಳಿಗೆ ನುಗ್ಗಿದ ಸುದ್ದಿ ಬರುತ್ತಿತ್ತು. ಉಳುವವರಿಗೇ ಭೂಮಿ ಎಂದು ಕಾಟ್ಟಿಕುಳಂನ ಗೋಡೆಗಳ ಮೇಲೆ ಬರೆದಿರುತ್ತಿತ್ತು, ಬೆಳಗಾದರೆ ಪೊಲೀಸರು ಸುಣ್ಣ ಬಳಿಸುತ್ತಿದ್ದರು. ಒಂದು ಸಲ ಸುಣ್ಣದ ಅಡಿಯಿಂದಲೂ ಓದಬಹುದಾದ ಹಾಗೆ ಇತ್ತು: ಸುಳ್ಳು ಅಳತೆಯವರೇ, ಎಚ್ಚರ. ನಾನು ಓದಿ ಮುಂದೆ ಹೋದೆ. ನಮಗೆ ಹೇಳಿದ್ದು ಅನ್ನಿಸಲಿಲ್ಲ. ನಮ್ಮದು ಎರಡು ಎತ್ತಿನ ಮನೆ, ನಾವೇನು ಜಮೀನ್ದಾರರೇ? ಆದರೂ ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುತ್ತಿದ್ದೆವು.

ಅಂಥ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಲೆಕ್ಕ ಮತ್ತು ವಿಜ್ಞಾನದ ಟೀಚರುಗಳಿಗೆ ಕಲ್ಪೆಟ್ಟದಲ್ಲಿ ತರಬೇತಿ ಎಂದು ಆರ್ಡರ್ ಬಂತು. ಮುಂದಿನ ವರ್ಷದಿಂದ ಹೊಸ ಪಾಠ, ಹೊಸ ರೀತಿ. ಬಾಯಿಪಾಠ ಸಾಕು, ಮಕ್ಕಳು ಮಾಡಿ ಕಲಿಯಬೇಕಂತೆ. ರಜೆಯಲ್ಲಿ ಇದೆಂಥ ಪೀಡೆ ಎಂದು ಉಳಿದವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ. ಮೊದಲ ದಿನವೇ ತರಬೇತಿ ಕೊಡುವ ಸಾರ್ ಹೇಳಿದರು, ಇಲ್ಲಿಂದ ಒಬ್ಬರನ್ನು ಆರಿಸುತ್ತೇವೆ, ಅವರು ಇನ್ನು ಮೇಲೆ ಕಲ್ಪೆಟ್ಟದಲ್ಲಿದ್ದು ಉಳಿದ ಟೀಚರುಗಳಿಗೆ ಕಲಿಸಬೇಕು ಎಂದು. ಸುಳ್ಳೇಕೆ ಹೇಳಲಿ, ಆ ಕೆಲಸ ನನಗೆ ಬೇಕಿತ್ತು. ಮಕ್ಕಳಿಗೆ ಕಲಿಸುವವರು ಊರಿಗೊಬ್ಬರು. ಟೀಚರುಗಳಿಗೇ ಕಲಿಸುವವಳು ಎಂದರೆ ಏನು ಕಡಿಮೆಯೇ? ಬಸ್ಸು ಹತ್ತಿ ಹೋಗುವುದು, ನನ್ನದೇ ಒಂದು ಕೋಣೆ, ಎದುರಿಗೆ ನಲವತ್ತು ಟೀಚರುಗಳು ನಾನು ಹೇಳಿದ್ದನ್ನು ಬರೆದುಕೊಳ್ಳುವುದು. ಪಕ್ಕಕ್ಕೆ ತಿರುಗಿ ನೋಡಿದೆ. ಓರಗಿತ್ತಿಯ ಕಣ್ಣೂ ಹೊಳೆಯುತ್ತಿತ್ತು.

ಉಳಿದುಕೊಂಡದ್ದು ಎಲ್ಲಿ ಅಂತೀರಿ? ಅವಳ ತವರಿನಲ್ಲಿ. ಬೇರೆ ಗತಿ ಇರಲಿಲ್ಲ. ಅವಳ ತಾಯಿ ಒಳ್ಳೆಯ ಹೆಂಗಸು. ನನ್ನ ಎಲೆಗೆ ಎರಡು ಸಲ ಬಡಿಸುತ್ತಾ ಮಗಳ ಬಹುಮಾನಗಳ ಕಥೆ ಹೇಳುತ್ತಿದ್ದರು. ಅವರು ಹಾಕಿದ ತುಪ್ಪ ನೇರವಾಗಿ ನನ್ನ ಹೊಟ್ಟೆಯ ಉರಿಯ ಮೇಲೆ ಬೀಳುತ್ತಿತ್ತು.

ಶುಕ್ರವಾರದ ಪಾಠ ಅಳತೆ. ಸಾರ್ ಕಡಲ ತೀರದ ಕಡೆಯವರು. ಚಳಿಗೆ ಎರಡು ಅಂಗಿ ಹಾಕಿಕೊಂಡು ಬರುತ್ತಿದ್ದರು. ಪ್ರತಿ ಶಾಲೆಯವರಿಗೂ ಇಪ್ಪತ್ತು ಸೇರು ಭತ್ತ ತುಂಬಿದ ಒಂದೊಂದು ಚೀಲ, ಒಂದೊಂದು ಸೇರು ಕೊಟ್ಟರು. ಎಷ್ಟಿದೆ ಎಂದು ನಮಗೆ ಹೇಳಿರಲಿಲ್ಲ. ಲೆಕ್ಕದ ಟೀಚರ್ ಅಳೆಯಬೇಕು, ವಿಜ್ಞಾನದ ಟೀಚರ್ ಎಣಿಸಿ ಬರೆಯಬೇಕು. ಎಲ್ಲರ ಉತ್ತರವನ್ನೂ ಹೋಲಿಸಿ, ಅಳತೆಯಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂದು ನೋಡೋಣ ಎಂದರು.

ನನಗೆ ಒಳಗೊಳಗೇ ನಗು. ಸೇರು ನನ್ನ ಕೈಗೆ ಕೊಡುತ್ತಾರಲ್ಲ, ಮೀನಿಗೆ ಈಜು ಕಲಿಸಿದ ಹಾಗೆ! ಸೆರಗು ಸಿಕ್ಕಿಸಿಕೊಂಡು ಕುಳಿತೆ. ಉಳಿದವರು ಚೆಲ್ಲಿ, ಆಯ್ದು, ಎಣಿಕೆ ತಪ್ಪಿ ಒದ್ದಾಡುತ್ತಿದ್ದರೆ ನಾನು ಒಂದು ಕಾಳು ಆಚೀಚೆ ಆಗದ ಹಾಗೆ ಸರಸರನೆ ಅಳೆದು ಎಲ್ಲರಿಗಿಂತ ಮೊದಲು ಎದ್ದೆ. ಸಾರ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ಇಪ್ಪತ್ತು. ಇಪ್ಪತ್ತು. ಇಪ್ಪತ್ತಕ್ಕೆ ಸ್ವಲ್ಪ ಕಡಿಮೆ. ಇಪ್ಪತ್ತು. ನಮ್ಮದು ಇಪ್ಪತ್ತೆರಡು.

"ಇನ್ನೊಮ್ಮೆ ಅಳೆಯಿರಿ ಟೀಚರ್" ಎಂದರು. ಅಳೆದೆ. ಇಪ್ಪತ್ತೆರಡು. ಚೀಲ ಬದಲಾಯಿಸಿ ಕೊಟ್ಟರು. ಮತ್ತೆ ಇಪ್ಪತ್ತೆರಡು. ಹಿಂದಿನಿಂದ ಯಾರೋ, "ಬಾವಲಿ ಕಡೆ ಭತ್ತ ಮರಿ ಹಾಕುತ್ತೆ" ಎಂದರು. ಇಡೀ ಹಾಲ್ ನಕ್ಕಿತು. ನನ್ನ ಕಿವಿ ಕಾದುಹೋಯಿತು. ಸಾರ್ ಸೇರನ್ನು ತಿರುಗಿಸಿ ಮುರುಗಿಸಿ ನೋಡಿದರು, ಅವರಿಗೂ ತಿಳಿಯಲಿಲ್ಲ. ಆಗ ನನ್ನ ಪಕ್ಕದಲ್ಲಿ ಕುಳಿತವಳು ಎದ್ದು ನಿಂತಳು.

"ಸಾರ್, ನಮ್ಮಕ್ಕ ಸೇರನ್ನು ಪೂರ್ತಿ ಬೋರಲು ಹಾಕಲ್ಲ. ಒಂದು ಹಿಡಿ ಒಳಗೇ ಉಳಿಸ್ತಾರೆ. ನಮ್ಮ ಮನೆಯ ಪದ್ಧತಿ ಅದು."

ನಮ್ಮಕ್ಕ! ಗೇಟಿನೊಳಗೆ ಕಾಲಿಟ್ಟರೆ ಟೀಚರ್ ಅನ್ನುವವಳಿಗೆ ಅವತ್ತು ಆ ನಲವತ್ತು ಜನರೆದುರು ನಾನು ಅಕ್ಕ ಆದೆ. ಅಷ್ಟಕ್ಕೇ ಬಿಟ್ಟಳೇ? ಬೋರ್ಡಿನ ಹತ್ತಿರ ಹೋಗಿ ಸೇರಿನ ಚಿತ್ರ ಬರೆದಳು, ತಳದಲ್ಲಿ ಒಂದು ಹಿಡಿ ಗುರುತು ಮಾಡಿದಳು. ಚೆಲ್ಲಿದ ಕಾಳು ಒಂದು ಸಲದ ತಪ್ಪು, ಇದು ಪ್ರತಿ ಸೇರಿಗೂ ಆಗುವ ತಪ್ಪು, ಸೇರು ಹೆಚ್ಚಿದಷ್ಟೂ ಇದೂ ಬೆಳೆಯುತ್ತದೆ, ಇಪ್ಪತ್ತೆರಡು ಎಂದು ಎಣಿಸಿದರೂ ಸುರಿದದ್ದು ಇಪ್ಪತ್ತೇ ಎಂದು ಆ ಸೊಗಸಾದ ಮಲಯಾಳದಲ್ಲಿ ಹೇಳಿದಳು. ಲೆಕ್ಕ ನನ್ನ ವಿಷಯ. ಹಿಡಿ ನನ್ನ ಕೈಯದು. ಅಂಗೈ ಹುಣ್ಣಿಗೆ ಅವಳು ಕನ್ನಡಿ ಹಿಡಿದು ತೋರಿಸಿದಳು, ಚಪ್ಪಾಳೆ ಅವಳಿಗೆ ಬಿತ್ತು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಬೆಂಚಿನ ಒಬ್ಬ ವಯಸ್ಸಾದ ಮೇಷ್ಟ್ರು, ಇಲ್ಲಿಯವರ ಮಾತಿನಲ್ಲಿ ಮಾಷ್, ಮೆಲ್ಲಗೆ ಹೇಳಿದರು, "ಈ ಲೆಕ್ಕ ವಲ್ಲಿ ಅಳೆಯುವವರ ಮನೆಯಲ್ಲಿ ಹೇಳಬೇಕಾದದ್ದು." ಅಲ್ಲಿದ್ದವರಲ್ಲಿ ಅರ್ಧ ಜನ ವಲ್ಲಿ ಅಳೆಯುವ ಮನೆಯವರೇ. ಸಾರ್ ಕೆಮ್ಮಿ, ಚಹಾ ಕುಡಿದು ಬರೋಣ ಎಂದರು. ಗೋಡೆಯ ಸುಣ್ಣದಡಿಯ ಅಕ್ಷರ ನನಗೆ ನೆನಪಾದದ್ದು ಆಗ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಮನೆಗೆ ಹೊರಟೆವು. ಸೋಮವಾರ ವಾಪಸ್ಸು ಬಂದರೆ ಕೊನೆಯ ದಿನ, ಎಲ್ಲರೂ ಒಂದೊಂದು ಮಾದರಿ ಪಾಠ ಮಾಡಬೇಕು, ಅದರ ಮೇಲೆ ಆಯ್ಕೆ. ಕಾಟ್ಟಿಕುಳಂನ ಕೂಡುರಸ್ತೆಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಚೀಲ ತಪಾಸಣೆ ಮಾಡುತ್ತಿದ್ದರು. ಅವಳ ಚೀಲದಲ್ಲಿ ಬ್ಯಾಟರಿ ಸೆಲ್ಲು, ವೈರು! ಪೊಲೀಸಪ್ಪ ಹೌಹಾರಿ ಇಬ್ಬರನ್ನೂ ಕೆಳಗಿಳಿಸಿದ. ನಾನು ಇದ್ದಬದ್ದ ದೇವರನ್ನೆಲ್ಲ ನೆನೆದೆ. ಅವಳು ಅಲ್ಲೇ ಬಸ್ಸಿನ ಮೆಟ್ಟಿಲ ಮೇಲೆ ಕುಳಿತು ಸೆಲ್ಲಿಗೆ ವೈರು ಹಚ್ಚಿ ಪುಟ್ಟ ಬಲ್ಬು ಹತ್ತಿಸಿ ತೋರಿಸಿದಳು. ಪೊಲೀಸಪ್ಪ ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನನ್ನು ಕರೆದ. ಮೂವರೂ ಹಲ್ಲು ಕಿರಿದು, "ಹೋಗಿ ಬನ್ನಿ ಟೀಚರೇ" ಎಂದು ಚೀಲ ತಾವೇ ಎತ್ತಿಕೊಟ್ಟರು. ಬಂದೂಕು ಹಿಡಿದವರಿಗೂ ಪಾಠ ಮಾಡಿ ಬಂದಳಲ್ಲ ಮಾರಾಯ್ತಿ, ಇವಳ ಮುಂದೆ ನಾನು ಸೋಮವಾರ ಏನು ಮಾದರಿ ಪಾಠ ಮಾಡಲಿ ಎಂದು ಬಸ್ಸಿನಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತೆ.

ಕುಳಿತಲ್ಲೇ ಇನ್ನೊಂದು ಹೊಳೆಯಿತು. ಇವತ್ತು ಶನಿವಾರ. ಸಂಜೆ ವಲ್ಲಿ. ಇವಳು ಸುಮ್ಮನಿರುವವಳಲ್ಲ, ಅತ್ತೆಯ ಮುಂದೆ ಈ ಹಿಡಿಯ ವಿಷಯ ಎತ್ತೇ ಎತ್ತುತ್ತಾಳೆ. ಎತ್ತಿ, ಕಣದಲ್ಲೂ ಒಳ್ಳೆಯವಳಾಗುತ್ತಾಳೆ. ಅದೊಂದು ಆಗಕೂಡದು. ಇವಳು ಬಾಯಿ ತೆರೆಯುವ ಮೊದಲೇ ನಾನು ಸೇರು ಬೋರಲು ಹಾಕಿಬಿಡಬೇಕು. ನ್ಯಾಯ, ಅನ್ಯಾಯ ಎಲ್ಲ ನನ್ನ ತಲೆಯಲ್ಲಿ ಎರಡನೆಯ ಸಾಲಿನಲ್ಲಿತ್ತು. ಮೊದಲನೆಯ ಸಾಲಿನಲ್ಲಿ ಇವಳಿದ್ದಳು.

ಮನೆ ಸೇರಿದಾಗ ಕಣದಲ್ಲಿ ಆಳುಗಳು ಬಂದು ಕುಳಿತಿದ್ದರು. ಅತ್ತೆ ಭತ್ತದ ರಾಶಿಯ ಪಕ್ಕ ಮಣೆ ಹಾಕಿಕೊಂಡಿದ್ದರು. ಕಾಲು ತೊಳೆದು ಬಂದು ಸೇರು ತೆಗೆದುಕೊಂಡೆ. ಮೊದಲು ಬಂದವಳು ಹಳೆಯ ಆಳು, ನನ್ನ ಮದುವೆಗೂ ಮೊದಲಿನಿಂದ ನಮ್ಮ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವಳು. ಬಟ್ಟೆ ಹಾಸಿದಳು. "ಲಾಭ" ಎಂದು ತುಂಬಿ, ಸವರಿ, ಸೇರನ್ನು ಪೂರ್ತಿ ಬೋರಲು ಹಾಕಿದೆ. ಹಾಕಿ ತಳಕ್ಕೆ ಅಂಗೈಯಿಂದ ಒಂದು ಏಟು ಬೇರೆ ಹೊಡೆದೆ, ಜಗಲಿಯ ಮೇಲಿದ್ದವಳಿಗೆ ಕೇಳಲಿ ಎಂದು. ಎರಡು. ಮೂರು. ಪ್ರತಿ ಸಲವೂ ಬೋರಲು, ಪ್ರತಿ ಸಲವೂ ಏಟು.

ಆ ಹೆಂಗಸು ತನ್ನ ಬಟ್ಟೆಯ ರಾಶಿ ನೋಡಿದಳು, ನನ್ನ ಮುಖ ನೋಡಿದಳು. "ಇವತ್ತು ಸೇರು ಬೆಳ್ದದಾ ಟೀಚರವ್ವಾ?" ಎಂದು ಕೇಳಿದಳು. ಹಿಂದೆ ಕುಳಿತವರು ನಕ್ಕರು.

ಅತ್ತೆ ನಗಲಿಲ್ಲ. ಮಣೆಯಿಂದ ಎದ್ದು ಬಂದು ಸೇರಿನೊಳಗೆ ಕೈ ಹಾಕಿ ತಡವಿದರು. ಒಂದು ಕಾಳೂ ಇರಲಿಲ್ಲ. "ಕಲ್ಪೆಟ್ಟದಲ್ಲಿ ಇದ್ನೇ ಹೇಳ್ಕೊಟ್ರಾ? ಸುಗ್ಗಿ ದಿನ ಸೇರು ಬರಿದು ಮಾಡ್ತಿದ್ದೀಯಲ್ಲ, ಮನೆ ಹಾಳು ಮಾಡ್ಬೇಕಂತ ಬಂದಿದ್ದೀಯಾ?"

"ಒಂದೊಂದು ಸೇರಿಗೂ ಒಂದು ಹಿಡಿ ಇವರಿಗೆ ಕಮ್ಮಿ ಆಗ್ತದೆ ಅತ್ತೆ. ಲೆಕ್ಕ ಹಾಕಿ ನೋಡಿದ್ದೀವಿ."

"ನಿನ್ ಲೆಕ್ಕ ಸ್ಕೂಲಲ್ಲಿ ಇಟ್ಕೊ" ಎಂದು ಸೇರನ್ನು ನನ್ನ ಕೈಯಿಂದ ಕಿತ್ತುಕೊಂಡರು. ಜಗಲಿಯ ಕಡೆ ತಿರುಗಿ, "ಬಾರಮ್ಮಿ ಇಲ್ಲಿ, ಇನ್ನು ಮ್ಯಾಲೆ ನೀನು ಅಳಿ" ಎಂದು ಕಿರಿಸೊಸೆಯನ್ನು ಕರೆದರು.

ನನ್ನ ಸೇರು! ಆಳುಗಳ ಎದುರು! ಆದರೆ ಒಳಗೆ ಒಂದು ಮೂಲೆಯಲ್ಲಿ ಸಮಾಧಾನವೂ ಇತ್ತು. ಇವಳೂ ಬೋರಲು ಹಾಕುತ್ತಾಳೆ, ಹಾಕದೆ ಎಲ್ಲಿ ಹೋಗುತ್ತಾಳೆ? ನಿನ್ನೆ ತಾನೇ ಬೋರ್ಡಿನ ಮೇಲೆ ಬರೆದವಳು. ಆಗ ಅತ್ತೆ ಯಾರಿಗೆ ಕೊಡುತ್ತಾರೆ ನೋಡೋಣ. ಅವಳು ಇಳಿದು ಬಂದಳು. ನನ್ನನ್ನು ನೋಡಲಿಲ್ಲ. ಭತ್ತ ತುಂಬಿ, ಸವರಿ, ಸೇರನ್ನು ಮುಕ್ಕಾಲು ಬಗ್ಗಿಸಿದಳು. ತಳದಲ್ಲಿ ಒಂದು ಹಿಡಿ ಹಾಗೇ ಉಳಿಯಿತು. ಅದರ ಮೇಲೆ ಮತ್ತೆ ತುಂಬಿದಳು. ಹೇಳೋದು ಶಾಸ್ತ್ರ, ಹಾಕೋದು ಗಾಳ! "ಓ, ಸೇರು ಮತ್ತೆ ಸಣ್ಣದಾಯ್ತು" ಎಂದು ಹಳೆಯ ಆಳು ಬಟ್ಟೆ ಗಂಟು ಹಾಕಿಕೊಂಡು ಎದ್ದುಹೋದಳು. ಅವಳು ನಗುತ್ತಿರಲಿಲ್ಲ.

ಓರಗಿತ್ತಿ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾಗ ಹಿಡಿದು ಕೇಳಿದೆ. "ಏನೇ ಅದು? ನಿನ್ನೆ ಅಷ್ಟುದ್ದ ಪಾಠ ಮಾಡ್ದೋಳು ನೀನೇ ತಾನೇ?"

"ಹೌದು ಅಕ್ಕಾ" ಎಂದಳು, ತಲೆ ಎತ್ತದೆ. "ಆರಿಸಿದ್ರೆ ನಾನು ಕಲ್ಪೆಟ್ಟಕ್ಕೆ ಹೋಗ್ಬೇಕಲ್ಲ. ಅತ್ತೆ ಬ್ಯಾಡ ಅಂದ್ರೆ ಹೋಗಕ್ಕಾಗ್ತದಾ? ಈಗ ಅವರನ್ನ ಎದುರು ಹಾಕ್ಕೊಳಕ್ಕೆ ಆಗಲ್ಲ ಅಕ್ಕಾ."

ಅಂದರೆ ಅವಳು ಅಷ್ಟು ದೂರ ಯೋಚಿಸಿದ್ದಳು. ನಾನು ಅಂಗೈ ಏಟಿನಷ್ಟೇ ದೂರ ಯೋಚಿಸಿದ್ದೆ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಸೋಮವಾರ ನನ್ನ ಮಾದರಿ ಪಾಠ ನನಗೇ ನೆನಪಿಲ್ಲ. ಭಿನ್ನರಾಶಿ ಏನೋ ಮಾಡಿದೆ, ಮಲಯಾಳ ಎರಡು ಕಡೆ ಎಡವಿತು. ಅವಳ ಪಾಠದ ಒಂದೊಂದು ಮಾತೂ ಇವತ್ತಿಗೂ ನೆನಪಿದೆ. ಅದೇ ಸೇರು, ಅದೇ ಹಿಡಿ. ಮಕ್ಕಳಿಂದ ಅಳೆಯಿಸುವುದು, ಉತ್ತರ ಏಕೆ ಬೇರೆ ಎಂದು ಅವರೇ ಹುಡುಕುವ ಹಾಗೆ ಮಾಡುವುದು. ಕೊನೆಗೆ ಆ ವಯಸ್ಸಾದ ಮಾಷ್ ಕಡೆ ನೋಡಿ ಹೇಳಿದಳು, "ತರಗತಿಯಲ್ಲಿ ಕಲಿತದ್ದು ತರಗತಿಯಲ್ಲೇ ಉಳಿಯಬಾರದು. ಮೊನ್ನೆ ಶನಿವಾರ ನಮ್ಮ ಮನೆಯ ಕಣದಲ್ಲಿ ನಾವು ಸೇರನ್ನು ಬೋರಲು ಹಾಕಿ ಅಳೆದೆವು."

ನಾವು! ಯಾವ ನಾವು? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವುದು ಇದಕ್ಕೇ ಇರಬೇಕು. ಬೋರಲು ಹಾಕಿದವಳು ನಾನು, ಬೈಸಿಕೊಂಡವಳು ನಾನು, ಸೇರು ಕಳೆದುಕೊಂಡವಳು ನಾನು. ಎದ್ದು ನಿಂತು ಹೇಳಿಬಿಡಬೇಕು ಎಂದು ಬೆಂಚಿನ ಅಂಚು ಹಿಡಿದುಕೊಂಡೆ. ಹೇಳುವುದು ಏನು? ಬೋರಲು ಹಾಕಿದ್ದು ನಾನು, ಇವಳು ಹಿಡಿ ಉಳಿಸಿ ಅಳೆದಳು, ನಮ್ಮ ಮನೆಯಲ್ಲಿ ಈಗಲೂ ಆಳುಗಳಿಗೆ ಹಾಗೇ ಅಳೆಯುತ್ತಾರೆ ಎಂದೇ? ಆ ಕಾಲದಲ್ಲಿ, ನಲವತ್ತು ಬಾಯಿಗಳ ಮುಂದೆ? ಇಂಥ ಮನೆಯಲ್ಲಿ ಸುಳ್ಳು ಅಳತೆ ಎಂಬ ಮಾತು ಕಾಡಿಗೆ ಮುಟ್ಟಲು ಎರಡು ದಿನ ಸಾಕಿತ್ತು. ಆ ಮನೆಯೊಳಗೆ ಅತ್ತೆ ಇದ್ದರು, ನನ್ನ ಗಂಡ ಇದ್ದರು. ಬೆಂಚಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಕುಳಿತೇ ಇದ್ದೆ. ಅವಳು ನನ್ನ ಕಡೆ ಒಂದು ಸಲ ನೋಡಿದಳು. ನಾನು ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳನ್ನೇ ಆರಿಸಿದರು. ಅತ್ತೆ ಆರತಿ ಎತ್ತಿ ಕಳಿಸಿದರು. ಮೈದುನ ವ್ಯಾಪಾರವನ್ನು ಕಲ್ಪೆಟ್ಟಕ್ಕೆ ಸಾಗಿಸಿದ. ಬಿದಿರ ತಟ್ಟಿಯ ಆಚೆ ಬೇರೆ ಟೀಚರ್ ಬಂದರು, ಅವರು ಬಾಯಿಪಾಠದವರು. ನನ್ನ ಮಕ್ಕಳು ತಟ್ಟಿಯ ಕಡೆ ತಿರುಗುವುದು ನಿಂತಿತು. ನಿಂತದ್ದೂ ನನಗೆ ಹಿಡಿಸಲಿಲ್ಲ.

ಅವಳು ಹೋದ ಮೇಲಿನ ಮೊದಲ ಶನಿವಾರ ಅತ್ತೆ ಕಣದಲ್ಲಿ ಸೇರು ಹಿಡಿದು ನಿಂತಿದ್ದರು. ಅವರ ಕೈಗೆ ವಾತ, ತುಂಬಿದ ಸೇರು ಎತ್ತಲಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ರಾಶಿ ನೋಡಿದರು, ಆಳುಗಳನ್ನು ನೋಡಿದರು, ಆಮೇಲೆ ನನ್ನನ್ನು. "ತಕ್ಕೊ. ಇನ್ಯಾರಿಗೆ ಕೊಡ್ಲಿ" ಎಂದರು. ನಾನು ಬೋರಲು ಹಾಕಿಯೇ ಅಳೆದೆ. ಅವಳು ಹಿಡಿ ಉಳಿಸಿದವಳು, ನಾನು ಉಳಿಸದವಳು, ನನಗೆ ಉಳಿದಿದ್ದ ಹೆಚ್ಚುಗಾರಿಕೆ ಅಷ್ಟೇ, ಅದನ್ನು ಬಿಡುವುದುಂಟೇ? ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಎಲ್ಲರೂ ಹೋದ ಮೇಲೆ ನಮ್ಮ ಪಾಲಿನ ರಾಶಿಯಿಂದ ಒಂದು ಹಿಡಿ ಭತ್ತ ತೆಗೆದು ಸೇರಿನೊಳಗೆ ಹಾಕಿ, ಒಳಗೆ ತೆಗೆದುಕೊಂಡು ಹೋದರು. ಆಮೇಲೆ ಪ್ರತಿ ವಾರವೂ ಹಾಗೇ ಮಾಡಿದರು.

ಕೆಲವು ವರ್ಷ ಕಳೆದವು. ಪೊಲೀಸ್ ಕ್ಯಾಂಪು ಎದ್ದುಹೋಯಿತು, ಗೋಡೆಯ ಮೇಲೆ ಚುನಾವಣೆಯ ಚಿತ್ರ ಬಂತು. ಮತ್ತೆ ತರಬೇತಿಗೆ ನನ್ನ ಸರದಿ. ಕಲ್ಪೆಟ್ಟದಲ್ಲಿ ಅದೇ ಹಾಲ್, ಬೋರ್ಡಿನ ಹತ್ತಿರ ನಿಂತವಳು ನನ್ನ ಓರಗಿತ್ತಿ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ಅದೂ ಅವಳಿಗೆ ಒಪ್ಪುತ್ತಿತ್ತು. ಟೀಚರುಗಳು ಅವಳ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದರು. ನಾನು ಕಂಡ ಕನಸಿನಲ್ಲಿ ಬರೆದುಕೊಂಡ ಹಾಗೆಯೇ. ನಾನು ಮೂರನೆಯ ಬೆಂಚಿನಲ್ಲಿದ್ದೆ, ನನ್ನ ಪೆನ್ನು ತೆರೆಯಲೇ ಇಲ್ಲ.

ಅಳತೆಯ ಪಾಠ ಬಂತು. ಮೇಜಿನ ಮೇಲೆ ಒಂದು ಸೇರು, ಪಕ್ಕದಲ್ಲಿ ಭತ್ತದ ಚೀಲ. "ಈ ಚೀಲದಲ್ಲಿ ಸರಿಯಾಗಿ ಇಪ್ಪತ್ತು ಸೇರು ಭತ್ತ ಇದೆ. ಈಗ ನಮ್ಮಕ್ಕ ಅಳೆಯುತ್ತಾರೆ, ನೀವು ಎಣಿಸಿ, ಏನಾಗುತ್ತದೆ ನೋಡಿ" ಎಂದು ನಗುತ್ತಾ ನನ್ನನ್ನು ಕರೆದಳು. ಮೊದಲೇ ಹೇಳಿರಲಿಲ್ಲ. ಇಷ್ಟು ವರ್ಷ ನನ್ನ ತಪ್ಪನ್ನು ಊರೂರಿಗೆ ಪಾಠ ಮಾಡಿ, ಈಗ ಮೂಲವನ್ನೇ ತೋರಿಸುವ ಆಸೆ ಅವಳಿಗೆ. ಎದ್ದು ಹೋದೆ. ಹಾಲ್ ಪೂರ್ತಿ ಎಣಿಸಿತು. ನಾನು ತುಂಬಿದೆ, ಸವರಿದೆ, ಸುರಿದೆ.

ಇಪ್ಪತ್ತು.

ಎಣಿಸಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದರಲ್ಲಿ ಏನಿದೆ ಎಂದು ಅವರಿಗೆ ತಿಳಿಯಲಿಲ್ಲ. ಅವಳ ನಗು ಅರ್ಧಕ್ಕೆ ನಿಂತಿತು. ಹತ್ತಿರ ಬಂದು ಕಿವಿಯಲ್ಲಿ ಕನ್ನಡದಲ್ಲಿ, "ಅಕ್ಕಾ, ಹಳೇ ಥರ ಅಳೀರಿ ಅಕ್ಕಾ. ಹಿಡಿ ಉಳ್ಸಿ" ಎಂದಳು.

ಅವಳ ಪಾಠ ಕೆಡಿಸುವ ಆಸೆ ನನಗೆ ಇರಲಿಲ್ಲವೆಂದರೆ ನಾಲಿಗೆ ಸೇದಿಹೋಗುತ್ತದೆ. ಆದರೂ ನಿಜವಾಗಿ ಪ್ರಯತ್ನಪಟ್ಟೆ. ತುಂಬಿ, ಸವರಿ, ಮುಕ್ಕಾಲು ಬಗ್ಗಿಸಿ ನಿಲ್ಲಿಸಲು ನೋಡಿದೆ. ಕೈ ತಾನಾಗಿ ತಿರುಗಿ ಬೋರಲಾಯಿತು. ಇನ್ನೊಂದು ಹಾಕಿದೆ, ಅದೂ ಬೋರಲು. ತಳಕ್ಕೆ ಅಂಗೈ ಏಟೂ ಬಿತ್ತು.

"ಆಗ್ತಿಲ್ಲ ಕಣೆ" ಎಂದೆ.

ಅವಳು ಒಂದು ಗಳಿಗೆ ನನ್ನ ಕೈ ನೋಡಿದಳು. ಆಮೇಲೆ ಸೇರನ್ನು ತೆಗೆದುಕೊಂಡು ತಾನೇ ಅಳೆಯತೊಡಗಿದಳು. ಮುಖ ಸಭೆಯ ಕಡೆ, ಮಾತು ಸಭೆಯ ಕಡೆ. ಕೈಯನ್ನು ನೋಡಲೇ ಇಲ್ಲ. ಒಂದು ಸಲವೂ ತಪ್ಪದೆ ತಳದಲ್ಲಿ ಒಂದೊಂದು ಹಿಡಿ, ಅಳೆದಿಟ್ಟ ಹಾಗೆ ಉಳಿಯುತ್ತಾ ಹೋಯಿತು. ಇಪ್ಪತ್ತೆರಡು ಎಂದು ಸಭೆ ಕೂಗಿತು. ಅವಳು ಬೋರ್ಡಿಗೆ ಹೋಗಿ ಚಿತ್ರ ಬರೆದಳು, ಹಿಡಿಯ ಗುರುತು ಮಾಡಿದಳು, ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹೊಟ್ಟೆ ಮೊದಲಿನ ಹಾಗೇ ಉರಿಯುತ್ತಿತ್ತು, ಸುಳ್ಳು ಹೇಳಲಾರೆ.

ಬೆಂಚಿಗೆ ವಾಪಸ್ಸು ಬಂದು ಕುಳಿತಾಗ ಪಕ್ಕದ ಹೊಸ ಟೀಚರ್ ನನ್ನ ಕಡೆ ಬಾಗಿ ಅಯ್ಯೋ ಪಾಪ ಎನ್ನುವ ದನಿಯಲ್ಲಿ, "ಅವರ ಕೈಗೆ ಎಷ್ಟು ಸಲೀಸಾಗಿ ಬಂತು. ನಿಮಗೆ ಬರಲೇ ಇಲ್ಲವಲ್ಲ ಟೀಚರೇ" ಎಂದಳು.

"ಇಲ್ಲಮ್ಮ" ಎಂದೆ. "ನನಗೆ ಅದು ಬರಲ್ಲ."